ಹಿಂದಿನ ದಿನದ ಸಂಜೆ

ಹೊಸದು ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಹೊಸ ಸೀರೆ, ಹೊಸ ಅಕ್ಕಿ, ಹೊಸ ಸೊಸೆ, ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಪುಣೆಯ ಮಗರಪಟ್ಟಾದ ಗಾಜಿನ ಕೋಣೆಯಲ್ಲಿ ಬಣ್ಣದ ಪೆನ್ನು ಹಿಡಿದು ನಿಂತು, 'ಈ ಸಲ ಹೊಸದೇನು?' ಎಂದು ಕೇಳುತ್ತಿದ್ದ ಗಂಡಸರ ಬಗ್ಗೆ ನನ್ನ ತಕರಾರು.

ಮೂರು ತಿಂಗಳಿಗೊಮ್ಮೆ ನಮ್ಮ ಕಂಪನಿಯಲ್ಲಿ ಒಂದು ಇಡೀ ದಿನ ಕೆಲಸ ನಿಲ್ಲಿಸಿ ಕೆಲಸದ ಬಗ್ಗೆ ಮಾತಾಡುತ್ತಿದ್ದೆವು. ಅದಕ್ಕೆ ಪ್ಲಾನಿಂಗ್ ಎಂದು ಹೆಸರು. ಮುಂದಿನ ಮೂರು ತಿಂಗಳು ಸಾಫ್ಟ್‌ವೇರಿಗೆ ಏನೇನು ಸೇರಿಸಬೇಕು, ಹಳೆಯದರಲ್ಲಿ ಏನೇನು ರಿಪೇರಿ ಮಾಡಬೇಕು ಎಂದು ಅವತ್ತು ಗೊತ್ತಾಗಬೇಕು. ಪ್ರತಿಯೊಬ್ಬರೂ ತಮಗೆ ತೋಚಿದ್ದನ್ನು ಅಂಟು ಚೀಟಿಯ ಮೇಲೆ ಬರೆದು ಗೋಡೆಗೆ ಹಚ್ಚಬೇಕು. ಎಡಕ್ಕೆ ಹೊಸದು, ಬಲಕ್ಕೆ ರಿಪೇರಿ. ಬಲಗಡೆ ಏಸಿಯ ಗಾಳಿ ನೇರವಾಗಿ ಬೀಸುತ್ತಿತ್ತು. ಹಾಗಾಗಿ ಊಟದ ಹೊತ್ತಿಗೆ ರಿಪೇರಿಯ ಚೀಟಿಗಳು ಒಂದೊಂದಾಗಿ ಕಳಚಿ ನೆಲಕ್ಕೆ ಬಿದ್ದಿರುತ್ತಿದ್ದವು. ಬಗ್ಗಿ ಎತ್ತಿಕೊಳ್ಳುವವಳು ನಾನೊಬ್ಬಳೇ. ಉಳಿದವರು ಅವುಗಳ ಮೇಲೆ ಕಾಲಿಟ್ಟುಕೊಂಡು ಊಟಕ್ಕೆ ಹೋಗುತ್ತಿದ್ದರು.

ನಾವು ಮಾಡುತ್ತಿದ್ದುದು ಮಂಗಲ ಕಾರ್ಯಾಲಯಗಳಿಗೆ, ಅಂದರೆ ಮದುವೆ ಛತ್ರಗಳಿಗೆ, ಬೇಕಾದ ಸಾಫ್ಟ್‌ವೇರು. ಯಾವ ದಿನ ಯಾರ ಮದುವೆ, ಯಾರ ಮುಂಜಿವೆ, ಎಷ್ಟು ಎಲೆ ಊಟ, ಎಷ್ಟು ಕೋಣೆ, ಇವನ್ನೆಲ್ಲ ನೋಡಿಕೊಳ್ಳುವುದು ಅದರ ಕೆಲಸ. ಕೇಳಿದವರು ನಗುತ್ತಿದ್ದರು. ನಗಲಿ. ಪುಣೆಯಲ್ಲಿ ಮದುವೆ ಸೀಜನ್ನಿನಲ್ಲಿ ಕಾರ್ಯಾಲಯದ ತಾರೀಖು ಸಿಗುವುದಕ್ಕಿಂತ ವರ ಸಿಗುವುದು ಸುಲಭ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಕಂಪನಿ ಇದ್ದದ್ದು ಸದಾಶಿವ ಪೇಠೆಯ ಒಂದು ಹಳೇ ತೊಟ್ಟಿಮನೆ ವಾಡೆಯ ಮಹಡಿಯ ಮೇಲೆ. ಕೆಳಗೆ ಟ್ಯೂಶನ್ ಕ್ಲಾಸು, ಮೇಲೆ ನಾವು. ಮಾಲೀಕರು ಪುಣೆಯವರೇ. ಫ್ಲಾಪಿಗಳ ಡಬ್ಬಿ ಹಿಡಿದು ಸ್ಕೂಟರಿನಲ್ಲಿ ತಾವೇ ಕಾರ್ಯಾಲಯಗಳಿಗೆ ಓಡಾಡುತ್ತಿದ್ದರು.

ಅವರು ಮೊದಲ ದಿನ ನನಗೆ ಹೇಳಿದ ಪಾಠ ಒಂದೇ. ಮದುವೆ ಅನ್ನುವುದು ಒಂದು ದಿನದ್ದಲ್ಲ, ಹಿಂದಿನ ಸಂಜೆಯಿಂದಲೇ ಶುರುವಾಗುತ್ತದೆ ಎಂದು. ಅದನ್ನು ನನಗೆ ಹೇಳಬೇಕಾಗಿರಲಿಲ್ಲ. ಧಾರವಾಡದ ಕಡೆಯ ನಮ್ಮ ಮಂದಿಯಲ್ಲೂ ಅದೇ ಪದ್ಧತಿ. ಗಂಡಿನ ಕಡೆಯವರು ಹಿಂದಿನ ಸಂಜೆ ಬಂದು ಇಳಿಯುತ್ತಾರೆ, ಹೆಣ್ಣಿನ ಕಡೆಯವರು ಅವರನ್ನು ಎದುರುಗೊಂಡು ಸೀಮಾಂತ ಪೂಜೆ ಮಾಡುತ್ತಾರೆ. ಮೊದಲೆಲ್ಲ ಊರಿನ ಗಡಿಯಲ್ಲಿ ಮಾಡುತ್ತಿದ್ದರಂತೆ. ಈಗ ಕಾರ್ಯಾಲಯದ ಬಾಗಿಲೇ ಗಡಿ. ಹೆಣ್ಣಿನ ತಂದೆ ತಾಯಿ ವರನನ್ನು ಕೂಡಿಸಿ ಕಾಲು ತೊಳೆದು, ಆರತಿ ಎತ್ತಿ, ಒಳಗೆ ಕರೆದುಕೊಳ್ಳುತ್ತಾರೆ. ಮರುದಿನದ ಅಕ್ಷತೆಗಿಂತ ಬೀಗರು ನೆನಪಿಟ್ಟುಕೊಳ್ಳುವುದು ಈ ಸಂಜೆಯನ್ನೇ. ಚಹಾ ಬಿಸಿಯಿತ್ತೋ ಇಲ್ಲವೋ, ಯಾರು ಬಾಗಿಲಿಗೆ ಬಂದರು, ಯಾರು ಬರಲಿಲ್ಲ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ನಾವು ಬರೆದ ಮೊದಲ ಪ್ರೋಗ್ರಾಮಿನಲ್ಲಿ ಹಿಂದಿನ ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ಒಂದೇ ಗಂಟು. ಬಿಚ್ಚಲು ಬರುತ್ತಿರಲಿಲ್ಲ. ನೋಡಲು ಕಪ್ಪು ಪರದೆ, ಹಸಿರು ಅಕ್ಷರ, ಆದರೆ ಒಂದು ಕಾರ್ಯಾಲಯದಲ್ಲೂ ಎರಡು ಪಾರ್ಟಿ ಮುಖಾಮುಖಿಯಾದ ಉದಾಹರಣೆ ಇರಲಿಲ್ಲ.

ಆಮೇಲೆ ನಮಗೆ ಒಳ್ಳೆಯ ಕಾಲ ಬಂತು. ಅಂದರೆ ಕಂಪನಿ ಮಗರಪಟ್ಟಾಕ್ಕೆ ಹೋಯಿತು. ಹುಲ್ಲುಹಾಸು, ಕಾರಂಜಿ, ಕುತ್ತಿಗೆಗೆ ಗುರುತಿನ ಚೀಟಿ. ಮಾಲೀಕರು ಮೂಲೆಯ ಕೋಣೆ ಸೇರಿ ತಲೆ ಆಡಿಸುವುದನ್ನು ಕಲಿತರು. ನಮ್ಮ ಮೇಲೆ ಬೆಂಗಳೂರಿನಿಂದ ಒಬ್ಬ ಮ್ಯಾನೇಜರನ್ನು ತಂದು ಕೂರಿಸಿದರು. ಆತ ಬುದ್ಧಿವಂತನೆಂದು ಎಲ್ಲರೂ ಹೇಳುತ್ತಿದ್ದರು. ಬುದ್ಧಿಯ ಕುರುಹು ನನಗಂತೂ ಕಾಣಲಿಲ್ಲ. ಕಂಡದ್ದು ಇಸ್ತ್ರಿಯ ಅಂಗಿ, ಕೈಯಲ್ಲಿ ಸದಾ ಕಾಫಿಯ ಕಾಗದದ ಲೋಟ ಮತ್ತು ಯಾವ ಪ್ರಶ್ನೆಗೂ ಇನ್ನೊಂದು ಪ್ರಶ್ನೆಯಿಂದ ಉತ್ತರಿಸುವ ಕಲೆ. ತಾನೂ ಕನ್ನಡದವನೆಂದು ನನ್ನ ಹತ್ತಿರ ಕನ್ನಡದಲ್ಲಿ ಮಾತಾಡುತ್ತಿದ್ದ, ಅದೂ ನನ್ನಿಂದ ಏನಾದರೂ ಆಗಬೇಕಿದ್ದಾಗ ಮಾತ್ರ. ಉಳಿದ ದಿನ ಇಂಗ್ಲಿಷು. ನಮ್ಮ ಧಾರವಾಡದ ಮಾತು ಕೇಳಿ, 'ನಿಮ್ಮದು ಸ್ವಲ್ಪ ರಫ್ ಕನ್ನಡ ಅಲ್ವಾ?' ಎಂದು ನಕ್ಕಿದ್ದ. ಅವನದು ನುಣುಪಾಗಿತ್ತು, ಒಪ್ಪುತ್ತೇನೆ. ನೆಲಕ್ಕೆ ಸೋಪಿನ ನೀರು ಬಿದ್ದಾಗ ಇರುತ್ತದಲ್ಲ, ಆ ನುಣುಪು.

ಅವನು ಬಂದ ವರ್ಷವೇ ಒಂದು ದೊಡ್ಡ ಹೊಸದನ್ನು ತಂದ. ಕಾರ್ಯಾಲಯವನ್ನು ಅರ್ಧ ದಿನದ ಲೆಕ್ಕದಲ್ಲಿ ಮಾರುವ ಸೌಲಭ್ಯ. ಬೆಳಿಗ್ಗೆ ಒಂದು ಪಾರ್ಟಿ, ಸಂಜೆ ಇನ್ನೊಂದು. ಕಾರ್ಯಾಲಯದ ಧಣಿಗಳು ಕುಣಿದಾಡಿದರು. ಆದರೆ ಅದನ್ನು ಅವಸರದಲ್ಲಿ ಮಾಡುವಾಗ ನಮ್ಮ ಹಳೆಯ ಗಂಟನ್ನು ಕತ್ತರಿಸಿದರು. ಹಿಂದಿನ ಸಂಜೆ ಬೇರೆ ತುಂಡಾಯಿತು, ಮದುವೆಯ ದಿನ ಬೇರೆ ತುಂಡು. ಎರಡನ್ನೂ ಹಿಡಿದಿಟ್ಟದ್ದು ಒಂದು ಎಳೆ ದಾರ. ಬುಕಿಂಗ್ ಮಾಡಿ ಹಾಗೇ ಬಿಟ್ಟರೆ ತೊಂದರೆಯಿಲ್ಲ. ಆಮೇಲೆ ಯಾರಾದರೂ ಅದನ್ನು ತೆರೆದು ಊಟದ ಎಲೆ ಹೆಚ್ಚಿಸಿದರೂ ಸಾಕು, ದಾರ ಹರಿದು ಹಿಂದಿನ ಸಂಜೆ ಖಾಲಿ ಎಂದು ತೋರಿಸತೊಡಗುತ್ತಿತ್ತು. ಗಂಟೆ ಬಾರಿಸುವುದಿಲ್ಲ, ಕೆಂಪು ಅಕ್ಷರ ಬರುವುದಿಲ್ಲ. ಸುಮ್ಮನೆ ಖಾಲಿ. ಬೇರೊಬ್ಬರು ಬಂದು ಕೇಳಿದರೆ ಕೌಂಟರಿನವನು ಆ ಸಂಜೆಯನ್ನು ಅವರಿಗೆ ಕೊಟ್ಟುಬಿಡುತ್ತಾನೆ.

ಕಾರ್ಯಾಲಯಗಳಿಂದ ಫೋನು ಬರತೊಡಗಿತು. ಹಳೆಯ ಅನುಭವಸ್ಥರು ವಾರಕ್ಕೊಮ್ಮೆ ಪರದೆ ನೋಡಿ, ಸಂಜೆ ಮಾಯವಾಗಿದ್ದರೆ ನಮಗೆ ಹೇಳುತ್ತಿದ್ದರು. ನಾವು ಕೂತಲ್ಲಿಂದಲೇ ಕೈಯಿಂದ ಮತ್ತೆ ತುಂಬಿಸುತ್ತಿದ್ದೆವು. ನಾನು ಚೀಟಿಯ ಮೇಲೆ 'ಹಿಂದಿನ ಸಂಜೆ' ಎಂದು ಬರೆದು ಗೋಡೆಯ ಬಲಕ್ಕೆ ಹಚ್ಚಿದೆ. ಒಂದು ಮಧ್ಯಾಹ್ನದ ಕೆಲಸ ಎಂದೂ ಹೇಳಿದೆ.

ಮ್ಯಾನೇಜರು ಚೀಟಿಯನ್ನು ದೂರದಿಂದ ಓದಿದ. 'ಇದನ್ನ ಕಸ್ಟಮರ್ ಮುಂದೆ ಡೆಮೋದಲ್ಲಿ ಹೇಗೆ ತೋರಿಸ್ತೀರಾ?'

'ತೋರಿಸೋದೇನದ ಇದರಾಗ? ಇದ್ದದ್ದು ಇದ್ದಂಗ ಇರತದ.'

'ಅದೇ ನೋಡಿ ಪ್ರಾಬ್ಲಮ್ಮು. ಮೊದಲೂ ಹಾಗೇ ಕಾಣುತ್ತೆ, ಆಮೇಲೂ ಹಾಗೇ ಕಾಣುತ್ತೆ. ಕಸ್ಟಮರ್‌ಗೆ ವ್ಯಾಲ್ಯೂ ಏನು? ಫೋನ್ ಮಾಡಿದ್ರೆ ನಾವು ಸರಿ ಮಾಡಿ ಕೊಡ್ತಾ ಇದೀವಲ್ಲ. ಇದು ಕೊನೇ ವಾರಕ್ಕೆ ಇರಲಿ.'

ಕೊನೇ ವಾರ! ಮೂರು ತಿಂಗಳ ಕೊನೆಯ ವಾರವನ್ನು ರಿಪೇರಿಗೆಂದೇ ಮೀಸಲಿಟ್ಟಿದ್ದೇವೆ ಎಂದು ಅವನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಹೊಸದಕ್ಕೂ ಹಳೆಯದಕ್ಕೂ ಸಮತೋಲ ಇರಬೇಕಂತೆ. ಆ ವಾರ ನಮ್ಮಲ್ಲಿ ಒಮ್ಮೆಯೂ ಬರಲಿಲ್ಲ. ಹೊಸದು ಯಾವಾಗಲೂ ಹೇಳಿದ್ದಕ್ಕಿಂತ ಉದ್ದವಾಗುತ್ತಿತ್ತು, ಆ ವಾರವನ್ನೂ ನುಂಗಿ ನೀರು ಕುಡಿಯುತ್ತಿತ್ತು. ಮದುವೆ ಮನೆಯ ಕೊನೆಯ ಪಂಕ್ತಿಗೆ ಕೂತವರಿಗೆ ಬರೀ ಅನ್ನ ಸಾರು ಉಳಿಯುವುದಿಲ್ಲವೇ, ರಿಪೇರಿಗೆ ಅಷ್ಟೂ ಉಳಿಯುತ್ತಿರಲಿಲ್ಲ. ಮುಂದಿನ ಪ್ಲಾನಿಂಗಿಗೆ ನಾನು ಮತ್ತೆ ಹೊಸ ಚೀಟಿ ಬರೆದು ಹಚ್ಚುತ್ತಿದ್ದೆ, ಅವನು ಮತ್ತೆ ಡೆಮೋದ ಪ್ರಶ್ನೆ ಕೇಳುತ್ತಿದ್ದ.

ಆ ದಿನಗಳಲ್ಲಿ ಎಡಗಡೆಯ ಗೋಡೆಯ ಮೇಲೆ ಏನೇನು ಪಾಸಾಯಿತು ಎಂದು ನೆನೆದರೆ ನಗು ಬರುತ್ತದೆ, ಜೊತೆಗೆ ಸಿಟ್ಟೂ. ಪರದೆ ತೆರೆದ ಕೂಡಲೇ ಸನಾದಿ ನುಡಿಯುವುದು ಬಂತು. ಕಾರ್ಯಾಲಯದ ಫೋಟೋ ಗರಗರ ತಿರುಗುವುದು ಬಂತು. ವಧೂವರರ ಜಾತಕ ಕೂಡಿಸುವುದು ಬಂತು. ಜಾತಕ ಕೂಡದಿದ್ದವರು ಕಾರ್ಯಾಲಯಕ್ಕೆ ಯಾಕೆ ಬರುತ್ತಾರೆ ಎಂದು ಕೇಳುವಷ್ಟು ಬುದ್ಧಿ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಒಂದೊಂದು ಹೊಸದು ಮುಗಿದಾಗಲೂ ಮಾಡಿದವನಿಗೆ ಚಪ್ಪಾಳೆ, ಎಲ್ಲರಿಗೂ ಪೇಢೆ. ರಿಪೇರಿ ಮಾಡಿದವರಿಗೆ ಪೇಢೆ ಹಂಚಿದ್ದನ್ನು ನಾನು ನೋಡಲಿಲ್ಲ. ಹೊಸ ಹುಡುಗರು ಇದನ್ನು ಬೇಗ ಅರ್ಥಮಾಡಿಕೊಂಡರು. ಕೆಟ್ಟದ್ದನ್ನು ಕಂಡರೆ ಮುಖ ತಿರುಗಿಸಿ ನಡೆಯುತ್ತಿದ್ದರು. ಅವರ ಸಂಬಳವೂ ಬೇಗ ಏರಿತು.

ಇದೇ ಹೊತ್ತಿಗೆ ನನ್ನ ತಂಗಿಗೆ ಸಂಬಂಧ ಕೂಡಿತು. ನನ್ನ ಮದುವೆ ಆಗಲೇ ಆಗಿತ್ತು, ಇವಳದೇ ಬಾಕಿ. ಹಿಂದೆ ಒಂದು ಸಂಬಂಧ ಮಾತುಕತೆ ಮುಗಿದ ಮೇಲೆ ಮುರಿದಿತ್ತು. ಗಂಡಿನ ಕಡೆಯವರನ್ನು ಬಸ್ ನಿಲ್ದಾಣಕ್ಕೆ ಹೋಗಿ ಕರೆತರಲಿಲ್ಲ, ಪುಣೆ ಸೇರಿದ ಮಂದಿಗೆ ಸೊಕ್ಕು ಬಂದಿದೆ ಎಂದು ಅವರು ಊರಲ್ಲೆಲ್ಲ ಆಡಿಕೊಂಡಿದ್ದರು. ನಿಜ ಏನೆಂದರೆ ಅವರೇ ಬೇರೆ ನಿಲ್ದಾಣದಲ್ಲಿ ಇಳಿದಿದ್ದರು. ತಂಗಿ ಅದರಿಂದ ಬಹಳ ನೊಂದಿದ್ದಳು. ಯಾರಾದರೂ ಮದುವೆಯ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಈಗ ಬಂದ ಹುಡುಗ ಒಳ್ಳೆಯವ, ತಂಗಿಗೂ ಮನಸ್ಸಿಗೆ ಬಂದಿದ್ದ. ಧಾರವಾಡದ ಮನೆತನ. ಅವನ ತಂದೆ ಮಾತ್ರ ಮಾನ ಮರ್ಯಾದೆಯ ವಿಷಯದಲ್ಲಿ ಭಾರಿ ಗಟ್ಟಿ ಮನುಷ್ಯ.

ಅಪ್ಪ ನನ್ನನ್ನು ಕೂಡಿಸಿಕೊಂಡು ಹೇಳಿದರು. 'ನೋಡವಾ, ಮದಿವಿ ಹ್ಯಾಂಗರ ಆಗತದ. ಹಿಂದಿನ ದಿನಾ ಸಂಜಿಗೆ ಬೀಗರನ್ನ ಎದುರುಗೊಳ್ಳೋದು ಒಂದು ಚಂದಾಗಿ ಆಗಬೇಕು. ಹೋದ ಸಲದ್ದು ಈ ಸಲ ಆಗಬಾರದು. ಆಕಿ ಮತ್ತ ತಡಕೊಳ್ಳೂದುಲ್ಲ.'

ಅಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಾರ್ಯಾಲಯ ಹುಡುಕಿದ್ದೂ ಅವರೇ, ಅದೂ ನಮ್ಮ ಸಾಫ್ಟ್‌ವೇರು ಇದ್ದ ಕಾರ್ಯಾಲಯವನ್ನೇ ಹುಡುಕಿ. ಬೀಗರಿಗೆ ಫೋನಿನಲ್ಲಿ, 'ಅಲ್ಲೆಲ್ಲಾ ಕಂಪ್ಯೂಟರ್ ಅದರಿ, ನಮ್ಮ ದೊಡ್ಡ ಮಗಳ ಮಾಡ್ಯಾಳ' ಎಂದು ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು. ಬುಕಿಂಗ್ ಮಾಡಿದ ದಿನ ನಾನೇ ಜೊತೆಗೆ ಹೋಗಿ ಪರದೆ ತಿರುಗಿಸಿ ನೋಡಿದೆ. ಹಿಂದಿನ ಸಂಜೆ ನಮ್ಮ ಹೆಸರಿಗೇ ಇತ್ತು. ಇದರಲ್ಲಿ ಏನೇ ಬದಲಾಯಿಸುವುದಿದ್ದರೂ ಮೊದಲು ನನಗೆ ಫೋನ್ ಮಾಡಿ ಎಂದು ಕೌಂಟರಿನ ಮುದುಕನಿಗೆ ಹೇಳಿ, ನಂಬರು ಕೊಟ್ಟು ಬಂದೆ. ಅವನು ಮರಾಠಿಯಲ್ಲಿ 'ಹೋ ಹೋ, ತಾಈ' ಎಂದು ಒಪ್ಪಿದ. ಅವನು ಹೇಳಿದ ಮಾತು ಉಳಿಸಿಕೊಳ್ಳುತ್ತಿದ್ದನೋ ಏನೋ, ಆದರೆ ತಿಂಗಳೊಪ್ಪತ್ತಿನಲ್ಲಿ ಕೆಲಸ ಬಿಟ್ಟು ಹೋದ. ಅವನ ಜಾಗಕ್ಕೆ ಕಂಪ್ಯೂಟರ್ ಕೋರ್ಸು ಮಾಡಿದ ಒಬ್ಬ ಬಂದ.

ಬೀಗರು ತಮ್ಮ ಕಡೆಯಿಂದ ಇನ್ನೊಂದಿಷ್ಟು ಮಂದಿ ಬರುತ್ತಾರೆ ಎಂದು ಪತ್ರ ಬರೆದರು. ಅಪ್ಪ ಕಾರ್ಯಾಲಯಕ್ಕೆ ನಡೆದುಕೊಂಡೇ ಹೋಗಿ ಊಟದ ಎಲೆ ಹೆಚ್ಚಿಸಿ ಬಂದರು. ಅದನ್ನು ನನಗೆ ಹೇಳುವಂಥ ವಿಷಯ ಎಂದು ಅವರಿಗೆ ಯಾಕೆ ಅನ್ನಿಸಬೇಕು? ನಾಲ್ಕು ಎಲೆ ಹೆಚ್ಚಿಸಿದರೆ ಒಂದು ಇಡೀ ಸಂಜೆ ಮಾಯವಾಗುತ್ತದೆ ಎಂದು ತಲೆ ನೆಟ್ಟಗಿರುವ ಯಾವ ಮನುಷ್ಯ ಯೋಚಿಸುತ್ತಾನೆ?

ಮದುವೆಯ ಹಿಂದಿನ ದಿನ ಮಧ್ಯಾಹ್ನ ಇಳಿಯುವಾಗ ನಾವು ಟೆಂಪೋದಲ್ಲಿ ಸಾಮಾನು ತುಂಬಿಕೊಂಡು ಕಾರ್ಯಾಲಯಕ್ಕೆ ಹೋದೆವು. ಬಾಗಿಲಲ್ಲಿ ಗುಲಾಬಿ ಬಲೂನಿನ ಕಮಾನು. ಅದರ ಮೇಲೆ ನಮಗೆ ಗೊತ್ತಿಲ್ಲದ ಇಬ್ಬರ ಹೆಸರು. ಒಳಗೆ ಯಾರದೋ ರಿಸೆಪ್ಷನ್ನಿನ ತಯಾರಿ ನಡೆದಿತ್ತು. ವೇದಿಕೆಯ ಮೇಲೆ ಸಿಂಹಾಸನದಂಥ ಕುರ್ಚಿ, ಮೂಲೆಯಲ್ಲಿ ಐಸ್‌ಕ್ರೀಮಿನ ಗಾಡಿ. ನನಗೆ ಕಮಾನು ನೋಡಿದ ಕೂಡಲೇ ಎಲ್ಲ ತಿಳಿಯಿತು. ನೇರ ಕೌಂಟರಿಗೆ ನಡೆದೆ.

ಕೌಂಟರಿನವನು ತಪ್ಪು ತನ್ನದಲ್ಲ ಎಂದು ತೋರಿಸಲು ಪರದೆ ತೆರೆದ. ಸನಾದಿ ನುಡಿಯಿತು. ಕಾರ್ಯಾಲಯದ ಫೋಟೋ ಗರಗರ ಎರಡು ಸುತ್ತು ತಿರುಗಿತು. ಆಮೇಲೆ ತಾರೀಖು ಬಂತು. ಆ ಸಂಜೆ ಬಲೂನಿನವರ ಹೆಸರಿಗಿತ್ತು. ನಮ್ಮದು ಮರುದಿನ ಬೆಳಗಿನಿಂದ. ಅಪ್ಪ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಒಂದೇ ಮಾತು ಕೇಳಿದೆ. 'ಅಪ್ಪಾ, ನೀವು ಇಲ್ಲೆ ಬಂದು ಏನರೆ ಬದಲಾಯಿಸಿದ್ರೇನು?'

'ಎಲಿ ಹೆಚ್ಚಿಸಿದ್ದೆ. ಅಷ್ಟ.'

ಬಲೂನಿನವರು ಕೆಟ್ಟವರೇನಲ್ಲ. ಮೇಲಿನ ಎರಡು ಕೋಣೆ ಬಿಟ್ಟುಕೊಟ್ಟರು, ನಮ್ಮ ಅಡುಗೆಯವರಿಗೆ ತಾರಸಿಯ ಮೇಲೆ ಒಲೆ ಹೂಡಲು ಬಿಟ್ಟರು. ಆದರೆ ಬಾಗಿಲು ಅವರದು, ಒಳಗಿನ ಹಾಲ್ ಅವರದು. ಅವರ ಮಂದಿ ಆಗಲೇ ಬರಲು ಶುರುಮಾಡಿದ್ದರು. ಸೀಮಾಂತ ಪೂಜೆಗೆ ಉಳಿದ ಜಾಗ ಎಂದರೆ ಹಿತ್ತಲಿನ ಪಾರ್ಕಿಂಗು. ಅವ್ವ ಸೆರಗು ಸಿಕ್ಕಿಸಿ ಸ್ಕೂಟರುಗಳ ನಡುವೆ ಕಸ ಗುಡಿಸಿ ರಂಗೋಲಿ ಹಾಕಿದಳು. ಡೀಸೆಲ್ಲಿನ ಕಲೆಯ ಮೇಲೆ ರಂಗೋಲಿ ಪುಡಿ ಸರಿಯಾಗಿ ಕೂಡಲಿಲ್ಲ. ತಂಗಿ ಮೇಲಿನ ಕೋಣೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು.

ಹೊತ್ತು ಮುಳುಗುವಾಗ ಬೀಗರ ಬಸ್ಸು ಬಂತು. ಎಲ್ಲರೂ ಇಳಿದು ಬಲೂನಿನ ಕಮಾನಿನ ಕಡೆಗೇ ನಡೆದರು. ಬಾಗಿಲಲ್ಲಿ ನಿಂತಿದ್ದವರು ಅವರ ಮೇಲೆ ಪನ್ನೀರು ಚಿಮುಕಿಸಿ, ಆಮೇಲೆ ತಮ್ಮವರಲ್ಲ ಎಂದು ತಿಳಿದು ಪಕ್ಕಕ್ಕೆ ಸರಿಸಿದರು. ಅಪ್ಪ ಓಡಿಹೋಗಿ ಕೈ ಮುಗಿದು, ಅವರನ್ನು ಗೋಡೆಯ ಪಕ್ಕದ ಸಂದಿಯಿಂದ ಹಿಂದಕ್ಕೆ ಕರೆತಂದರು. ಜರತಾರಿ ಸೀರೆಯ ಹೆಂಗಸರು ಸೆರಗು ಎತ್ತಿಕೊಂಡು ಸ್ಕೂಟರುಗಳ ನಡುವೆ ದಾಟಿದರು. ವರ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ, ಪಾಪ, ತಲೆ ತಗ್ಗಿಸಿಕೊಂಡು. ಪಕ್ಕದಲ್ಲೇ ಜನರೇಟರು ಶುರುವಾಗಿ ಮಂತ್ರ ಕೇಳಿಸದಂತಾಯಿತು. ಅಪ್ಪ ಮೊಣಕಾಲೂರಿ ಅಳಿಯನ ಕಾಲು ತೊಳೆದರು. ಆ ನೀರು ಹರಿದು ಯಾರದೋ ಕಾರಿನ ಗಾಲಿಯ ಕೆಳಗೆ ಹೋಯಿತು.

ಆರತಿ ಮುಗಿಯುವವರೆಗೆ ವರನ ತಂದೆ ಕಾದರು. ಮುಗಿದ ಮೇಲೆ ಎಲ್ಲರೆದುರು ಕೇಳಿದರು. 'ಏನ್ರಿ ಇದು? ನಮ್ಮನ್ನ ಗಾಡಿ ನಿಲ್ಲಸೋ ಜಾಗಾದಾಗ ನಿಲ್ಲಿಸಿ ಪೂಜಾ ಮಾಡಿದ್ರಿ. ಏನಾತು ಅಂತ ಒಬ್ಬರರೆ ಹೇಳ್ರಿ.'

ಅವರೇ ಮುಂದುವರಿಸಿದರು. 'ಕಂಪ್ಯೂಟರ್ ಅದ, ನಮ್ಮ ಮಗಳ ಮಾಡ್ಯಾಳ ಅಂತ ಫೋನಿನ್ಯಾಗ ಹೇಳಿದ್ರೆಲ್ಲಾ. ಇದ ಏನು ಆಕಿ ಮಾಡಿದ್ದು?'

ಎಲ್ಲರೂ ನನ್ನತ್ತ ತಿರುಗಿದರು. ನಾನು ಹೇಳಲು ಸಿದ್ಧಳಿದ್ದೆ. ಹೌದು, ಇದು ನಮ್ಮ ಕಂಪನಿಯ ಕೊಳಕು, ಇದನ್ನು ತೊಳೆಯಲು ಬಿಡಿ ಎಂದು ಎಷ್ಟೋ ಸಲ ಬೇಡಿಕೊಂಡರೂ ಬಿಡಲಿಲ್ಲ, ಜಾತಕ ಕೂಡಿಸುತ್ತಾ ಕೂತಿದ್ದರು ಎಂದು ಅಲ್ಲೇ ಕೂಗಿ ಹೇಳುವವಳಿದ್ದೆ. ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ನನ್ನ ಮುಂದೆ ಬಂದು ನಿಂತರು.

'ಕಂಪ್ಯೂಟರ್ ಬರೋಬರಿ ಅದರಿ. ತಪ್ಪು ನಂದು. ತಾರೀಖು ಹೇಳಬೇಕಾದ್ರ ನಾನ ಹಿಂದಿನ ಸಂಜಿ ಹೇಳೋದು ಮರತೆ. ವಯಸ್ಸಾತು ನೋಡ್ರಿ, ತಾರೀಖು ನೆನಪಿರೂದುಲ್ಲ. ಹೊಟ್ಯಾಗ ಹಾಕ್ಕೋರಿ.' ಹಾಗೆಂದು ಬಗ್ಗಿ ಎರಡೂ ಕೈ ಮುಗಿದರು.

ಮುದುಕ ಮರೆತ ಎಂದ ಮೇಲೆ ಬೀಗರಿಗೆ ಜಗಳ ತೆಗೆಯಲು ಏನೂ ಉಳಿಯಲಿಲ್ಲ. 'ಇರಲಿ ಬಿಡ್ರಿ. ಮೊದಲ ಹೇಳಬಾರದೇನು? ಇಂಥಾ ತಾರೀಖಿನ ಕೆಲಸಾ ನಿಮ್ಮ ಮನ್ಯಾಗ ಅವ್ವಾರಿಗೆ ಬಿಡಬೇಕಿತ್ತು' ಎಂದು ಮೇಲೆ ನಡೆದರು. ಮರುದಿನ ಮದುವೆ ಸುರಳೀತ ಆಯಿತು.

ಪೂಜೆಯಾದ ರಾತ್ರಿಯೇ ಊಟದ ಪಂಕ್ತಿಯಲ್ಲಿ ಬಡಿಸುವಾಗ ನಾನು ಅಪ್ಪನ ಪಕ್ಕ ಬಗ್ಗಿ, ಯಾಕ ಹಂಗ ಹೇಳಿದ್ರಿ ಎಂದು ಕೇಳಿದೆ. ಅವರು ಎಲೆಯಿಂದ ತಲೆ ಎತ್ತಲಿಲ್ಲ. 'ಒಬ್ಬ ಮಗಳ ಮದಿವಿ ಆಗೋ ಜಾಗಾದಾಗ ಇನ್ನೊಬ್ಬಾಕಿ ಹೆಸರು ಕೆಡಸಲೇನು? ಸಾರು ಹಾಕು' ಎಂದರು.

ನಾಲ್ಕು ದಿನ ಬಿಟ್ಟು ಮಗರಪಟ್ಟಾದಲ್ಲಿ ಮತ್ತೆ ಪ್ಲಾನಿಂಗು ಇತ್ತು. ನಾನು ಚೀಟಿ ಬರೆಯಲಿಲ್ಲ. ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಪಾರ್ಕಿಂಗು, ಜನರೇಟರು, ಕಾರಿನ ಗಾಲಿ, ಎಲ್ಲ. ಮಾಲೀಕರೂ ಅವತ್ತು ಬಂದು ಕೂತಿದ್ದರು, ಅವರು ಮೇಜನ್ನು ನೋಡುತ್ತಿದ್ದರು. ಈಗಲಾದರೂ ಇವರಿಗೆ ನಾಚಿಕೆಯಾಯಿತು ಎಂದು ನಾನು ಒಂದು ಗಳಿಗೆ ನಂಬಿದೆ.

ಮ್ಯಾನೇಜರ ಮುಖ ಅರಳಿತು. 'ಇದು ಸಖತ್ ಐಡಿಯಾ ರೀ!' ಎಂದ. ನನಗೆ ಮೊದಲು ಅರ್ಥವಾಗಲಿಲ್ಲ. 'ಹೀಗೆ ಎರಡು ಪಾರ್ಟಿ ಕ್ಲ್ಯಾಶ್ ಆದಾಗ ಹತ್ತಿರದಲ್ಲಿ ಯಾವ ಹಾಲ್ ಖಾಲಿ ಇದೆ ಅಂತ ಸ್ಕ್ರೀನ್ ಮೇಲೇ ತೋರಿಸಿದ್ರೆ? ನಿಮ್ಮ ಫಾದರ್‌ಗೆ ಅವತ್ತು ಅದೇ ತಾನೇ ಬೇಕಾಗಿದ್ದಿದ್ದು? ಡೆಮೋದಲ್ಲಿ ನಿಮ್ಮ ಸ್ಟೋರೀನೇ ಹೇಳೋಣ.' ಹೇಳುತ್ತಲೇ ಚೀಟಿ ಬರೆದು ಎಡಗಡೆಯ ಗೋಡೆಗೆ ಹಚ್ಚಿದ. ನಾಲ್ಕಾರು ಜನ ತಲೆದೂಗಿದರು. ಒಬ್ಬ ಚಪ್ಪಾಳೆಯನ್ನೂ ತಟ್ಟಿದ.

ಅವತ್ತು ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿಗಿರುವವನ ಬಗ್ಗೆ ಒಂದಿಷ್ಟಾದರೂ ಗೌರವ ಉಳಿದಿರಬೇಕು. ಆ ಕೋಣೆಯಲ್ಲಿದ್ದ ಒಬ್ಬರ ಬಗ್ಗೆಯೂ ನನಗೆ ಅದು ಉಳಿದಿರಲಿಲ್ಲ. 'ಈ ಹೊಸದನ್ನು ನಾನೇ ಮಾಡುತ್ತೇನೆ' ಎಂದೆ. ಮ್ಯಾನೇಜರಿಗೆ ಎಷ್ಟು ಸಂತೋಷವಾಯಿತೆಂದರೆ ನನಗಾಗಿ ತಾನೇ ಕಾಫಿ ತಂದ. ನಾನು ಸೀಟಿಗೆ ಹೋಗಿ, ಆ ಹೊಸದರ ಹೆಸರಿನಲ್ಲಿ ಫೈಲು ತೆರೆದು, ಮೊದಲು ಹಿಂದಿನ ಸಂಜೆಯನ್ನು ಮದುವೆಯ ದಿನಕ್ಕೆ ಗಟ್ಟಿಯಾಗಿ ಕಟ್ಟಿದೆ. ಸಂಜೆಯ ಚಹಾದ ಹೊತ್ತಿಗೆ ಮುಗಿಯಿತು. ಉಳಿದ ವಾರಗಳಲ್ಲಿ ಅವನಿಗೆ ಬೇಕಾದ ನಕ್ಷೆ ಬಿಡಿಸಿದೆ, ಬಣ್ಣ ಬಳಿದೆ. ಡೆಮೋದಲ್ಲಿ ತೋರಿಸಲು ಎರಡು ಪಾರ್ಟಿ ಕ್ಲ್ಯಾಶ್ ಆಗಬೇಕಲ್ಲ, ಆಗಲೇ ಇಲ್ಲ. ಕೊನೆಗೆ ನಾನು ಸುಳ್ಳು ಕ್ಲ್ಯಾಶ್ ಒಂದನ್ನು ಮಾಡಿಕೊಟ್ಟೆ. ಯಾಕೆ ಆಗುತ್ತಿಲ್ಲ ಎಂದು ಅವನು ಕೇಳಲಿಲ್ಲ.

ಆಮೇಲೆ ನಾನು ಆ ಗೋಡೆಯ ಬಲಗಡೆಗೆ ಒಂದು ಚೀಟಿಯನ್ನೂ ಹಚ್ಚಲಿಲ್ಲ. ಏನು ಕೆಟ್ಟಿದೆಯೋ ಅದರ ಪಕ್ಕದಲ್ಲಿ ಒಂದು ಹೊಳೆಯುವ ಹೊಸದನ್ನು ಹುಡುಕುವುದು, ಅದನ್ನು ಎಡಕ್ಕೆ ಹಚ್ಚಿಸುವುದು, ಅದರ ಹೆಸರಿನಲ್ಲಿ ರಿಪೇರಿ ಮುಗಿಸುವುದು. ಹೊಸದೇ ಮಾಡುವ ಉತ್ಸಾಹಿ ಎಂದು ನನಗೆ ಕಂಪನಿಯಲ್ಲಿ ಹೆಸರು ಬಂತು. ಸಮತೋಲ ಹೇಗೆ ಸಾಧಿಸಬೇಕು ಎಂದು ಹೊಸಬರಿಗೆ ಪಾಠ ಮಾಡಲು ಮ್ಯಾನೇಜರು ನನ್ನನ್ನು ಕರೆಯುತ್ತಿದ್ದ. ನಾನು ಹೋಗುತ್ತಿರಲಿಲ್ಲ.

ಕೆಟ್ಟ ಪ್ರೋಗ್ರಾಮನ್ನು ಒಂದು ಮಧ್ಯಾಹ್ನದಲ್ಲಿ ಸರಿ ಮಾಡಿದೆ. ಅಪ್ಪ ಪಾರ್ಕಿಂಗಿನಲ್ಲಿ ನಿಂತು ಹೇಳಿದ ಮಾತನ್ನು ಸರಿ ಮಾಡಲು ನನಗೆ ಆಗಲಿಲ್ಲ. ಬೀಗರಿಗೆ ನಿಜ ಹೇಳುತ್ತೇನೆ ಎಂದು ಎಷ್ಟೋ ಸಲ ಹೊರಟೆ. ಈಗ ಹೇಳಿದರೆ ತಾನು ಎಲ್ಲರೆದುರು ಸುಳ್ಳು ಹೇಳಿದೆ ಎಂದಾಗುತ್ತದೆ, ತಂಗಿಗೆ ಅತ್ತೆಮನೆಯಲ್ಲಿ ಮತ್ತೊಂದು ಮಾತು ಬರುತ್ತದೆ, ಸುಮ್ಮನಿರು ಎಂದು ಅಪ್ಪ ತಡೆದರು. ತಂಗಿ ಅಲ್ಲಿ ಸುಖವಾಗಿದ್ದಳು. ಬೀಗರು ಅಪ್ಪನ ಮೇಲೆ ಮುನಿಸಿಕೊಂಡೂ ಇರಲಿಲ್ಲ. ಮರೆವಿನ ಮುದುಕನೆಂದು ಅವರ ಮೇಲೆ ಕನಿಕರ ಪಡುತ್ತಿದ್ದರು, ನನಗೆ ತಡೆಯಲಾಗದ್ದು ಅದೇ.

ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ನಾನೂ ಅಲ್ಲಿದ್ದೆ. ಗಂಡು ಮಗು. ತೊಟ್ಟಿಲಿಗೆ ಹಾಕುವ ದಿನ ಗೊತ್ತುಮಾಡಿ ಅಪ್ಪ ಧಾರವಾಡಕ್ಕೆ ಫೋನ್ ಮಾಡಿ ತಿಳಿಸಿದರು. ವಾರ, ತಾರೀಖು, ಹೊತ್ತು, ಎಲ್ಲ ಸ್ಪಷ್ಟವಾಗಿ, ಪ್ರತಿಯೊಂದನ್ನೂ ಎರಡೆರಡು ಸಲ. ಕಚೇರಿಯಲ್ಲಿದ್ದಷ್ಟು ವರ್ಷವೂ ಒಂದು ತಾರೀಖು ತಪ್ಪದ ಮನುಷ್ಯ ಅವರು. ಫೋನ್ ಇಟ್ಟು ಇನ್ನೂ ಕುರ್ಚಿಗೆ ಒರಗಿರಲಿಲ್ಲ, ಮತ್ತೆ ಗಂಟೆ ಬಾರಿಸಿತು. ಅಪ್ಪ ಎತ್ತಿಕೊಂಡರು. ಆ ಕಡೆಯಿಂದ ಬೀಗರು ಮೆಲ್ಲಗೆ, ನಯವಾಗಿ ಏನೋ ಹೇಳಿದರು. ಅಪ್ಪ 'ಹೌದ್ರಿ, ಹೌದ್ರಿ, ಕೊಡತೀನ್ರಿ' ಎಂದರು. ಆಮೇಲೆ ರಿಸೀವರಿನ ಮೇಲೆ ಅಂಗೈ ಮುಚ್ಚಿ, ನನ್ನ ಕಡೆ ನೋಡದೆ, ಅಡುಗೆಮನೆಯತ್ತ ಅವ್ವನನ್ನು ಕೂಗಿದರು.

'ಬಾ ಇಲ್ಲೆ. ಬೀಗರು ತಾರೀಖು ಕೇಳ್ಳಿಕತ್ತಾರ. ನೀ ಹೇಳು.'